ಒಂದೇ ಚೌಕಟ್ಟಿನೊಳಗೆ ಎರಡು ಗೆಲಾಕ್ಸಿ

ಮದುವೆಯ ದಿನ ಪುರೋಹಿತರು ಹೊಸ ದಂಪತಿಗೆ ಅರುಂಧತಿಯನ್ನು ತೋರಿಸುವುದು ಸಪ್ತರ್ಷಿ ಮಂಡಲದಲ್ಲಿ. ಆ ಏಳು ನಕ್ಷತ್ರಗಳಲ್ಲಿ ಬಾಲದ ಮೂರನ್ನು ಬಿಟ್ಟರೆ ಉಳಿಯುವುದು ನಾಲ್ಕರ ಚೌಕ. ಚೌಕದ ಒಂದು ಮೂಲೆಯಲ್ಲಿರುವ ಪುಲಸ್ತ್ಯನಿಂದ ಎದುರು ಮೂಲೆಯ ಕ್ರತುವಿನತ್ತ ಮನಸ್ಸಿನಲ್ಲೇ ಒಂದು ಗೆರೆ ಎಳೆದು, ಅದನ್ನು ಅಷ್ಟೇ ದೂರ ಮುಂದಕ್ಕೆ ಚಾಚಿದರೆ ಕಣ್ಣು ಹೋಗಿ ನಿಲ್ಲುವುದು ಏನೂ ಕಾಣದ ಒಂದು ಜಾಗದಲ್ಲಿ. 1774ರ ಡಿಸೆಂಬರ್ 31ರಂದು ಬರ್ಲಿನ್ನಿನ ಖಗೋಳಜ್ಞ ಯೋಹಾನ್ ಎಲರ್ಟ್ ಬೋಡೆ ಅಲ್ಲಿಗೆ ದೂರದರ್ಶಕ ತಿರುಗಿಸಿದಾಗ ಮಂಜಿನ ಎರಡು ತುಣುಕುಗಳು ಕಂಡವು: ಒಂದು ಬಹುಮಟ್ಟಿಗೆ ದುಂಡಗಿನದು, ಇನ್ನೊಂದು ಸಣಕಲು, ಉದ್ದನೆಯದು. 1781ರಲ್ಲಿ ಫ್ರಾನ್ಸಿನ ಶಾರ್ಲ್ ಮೆಸಿಯೇ ತನ್ನ ಪಟ್ಟಿಯಲ್ಲಿ ಅವಕ್ಕೆ 81 ಮತ್ತು 82ನೇ ಸಂಖ್ಯೆ ಕೊಟ್ಟ. ಅಂದಿನಿಂದ ಅವು ಎಂ 81, ಎಂ 82. ಅವು ನಮ್ಮ ಆಕಾಶಗಂಗೆಯ ಹೊರಗಿರುವ, ತಮ್ಮದೇ ಕೋಟ್ಯಂತರ ನಕ್ಷತ್ರಗಳ ಗೆಲಾಕ್ಸಿಗಳು ಎಂಬುದು ಇಬ್ಬರಿಗೂ ಗೊತ್ತಿರಲಿಲ್ಲ. ಅದು ತಿಳಿಯಲು 1920ರ ದಶಕ ಬರಬೇಕಾಯಿತು. ಇಂದಿನ ಅಳತೆಯಂತೆ ಅವು ನಮ್ಮಿಂದ ಸುಮಾರು 1.2 ಕೋಟಿ ಜ್ಯೋತಿರ್ವರ್ಷ ದೂರದಲ್ಲಿವೆ. ಗೆಲಾಕ್ಸಿಗಳ ಲೆಕ್ಕದಲ್ಲಿ ಇದು ಪಕ್ಕದ ಬೀದಿ.

ಈ ಜೋಡಿಯ ಫೋಟೋ ತೆಗೆಯಲು ಇವತ್ತು ಬೆಟ್ಟದ ಮೇಲಿನ ವೀಕ್ಷಣಾಲಯ ಬೇಕಿಲ್ಲ. 80 ಮಿಲಿಮೀಟರ್ ಮಸೂರದ ಒಂದು ಪುಟ್ಟ ದೂರದರ್ಶಕ, ಆಕಾಶದ ಸುತ್ತುವಿಕೆಯ ಜತೆಗೇ ತಿರುಗುವ ಮೋಟಾರು ಪೀಠ, ಕ್ಯಾಮೆರಾ, ಲ್ಯಾಪ್‌ಟಾಪ್ ಇದ್ದರೆ ಮನೆಯಂಗಳವೋ ತಾರಸಿಯೋ ಸಾಕು. ಜಗತ್ತಿನ ಎಲ್ಲ ಮೂಲೆಗಳ ಹವ್ಯಾಸಿಗಳು ಪ್ರತಿ ವರ್ಷ ಸಾವಿರಗಟ್ಟಲೆ ಸಲ ಇದೇ ಜೋಡಿಗೆ ಗುರಿ ಹಿಡಿಯುತ್ತಾರೆ. ಹಾಗಾಗಿ ಒಂದು ಪ್ರಶ್ನೆ ಸಹಜವಾಗಿಯೇ ಬರುತ್ತದೆ: ಹಬಲ್ ದೂರದರ್ಶಕ ಇವೆರಡನ್ನೂ ಕಣ್ಣು ಕೋರೈಸುವಷ್ಟು ಸ್ಪಷ್ಟವಾಗಿ ತೆಗೆದಿಟ್ಟಿರುವಾಗ, ಅಂಗಳದಲ್ಲಿ ನಿದ್ದೆಗೆಟ್ಟು ಅದನ್ನೇ ಮಸುಕಾಗಿ ಮತ್ತೆ ತೆಗೆಯುವುದರಿಂದ ಏನು ಬಂತು? ತೆಗೆಯುವವರ ಸಂತೋಷವೇ ಉತ್ತರ ಎಂದು ಹೇಳಿ ಸುಮ್ಮನಾಗಬಹುದು. ಆದರೆ ಆ ಉತ್ತರ ಸಾಲದು, ಅದು ಈ ಕೆಲಸಕ್ಕೆ ಅನ್ಯಾಯವನ್ನೂ ಮಾಡುತ್ತದೆ. ಅಂಗಳದ ಫೋಟೋಗೆ ಹಬಲ್ ಚಿತ್ರಕ್ಕಿಲ್ಲದ ಎರಡು ಗುಣಗಳಿವೆ. ಒಂದು ಅದರ ಅಗಲ, ಇನ್ನೊಂದು ಅದರ ತಾರೀಕು. ಈ ಎರಡರ ಬೆಲೆ ಅರಿತು ತೆಗೆದ ಫೋಟೋ ಗೋಡೆಗೆ ತೂಗುಹಾಕುವ ಅಲಂಕಾರದ ಮಟ್ಟ ಮೀರಿ ದಾಖಲೆಯಾಗುತ್ತದೆ ಎಂಬುದು ನನ್ನ ವಾದ.

ಅಗಲದಿಂದಲೇ ಶುರುಮಾಡೋಣ. ಆಕಾಶದಲ್ಲಿ ಹುಣ್ಣಿಮೆ ಚಂದ್ರನ ಅಗಲ ಅರ್ಧ ಡಿಗ್ರಿ. ಎಂ 81 ಉದ್ದದಲ್ಲಿ ಹೆಚ್ಚುಕಡಿಮೆ ಅಷ್ಟೇ ಇದೆ. ಎಂ 82 ಅದರ ಮೂರನೇ ಒಂದು ಭಾಗ. ಎರಡರ ನಡುಬಿಂದುಗಳ ಅಂತರ ಚಂದ್ರನ ಅಗಲಕ್ಕಿಂತ ತುಸುವೇ ಹೆಚ್ಚು. ಕಣ್ಣಿಗೆ ಬೆಳಕು ಸಾಲದ್ದರಿಂದ ಕಾಣುವುದಿಲ್ಲವೇ ಹೊರತು ಗಾತ್ರ ಸಾಲದ್ದರಿಂದ ಅಲ್ಲ. ಹಬಲ್‌ನ ಪ್ರಮುಖ ಕ್ಯಾಮೆರಾ ಒಂದು ಸಲಕ್ಕೆ ನೋಡುವ ಜಾಗವಾದರೋ ಚಂದ್ರನ ಅಗಲದ ಒಂಬತ್ತನೇ ಒಂದು ಭಾಗದಷ್ಟು. 2006ರಲ್ಲಿ ಬಿಡುಗಡೆಯಾದ ಎಂ 82ರ ಪ್ರಸಿದ್ಧ ಚಿತ್ರವನ್ನು ಆರು ತುಂಡುಗಳಾಗಿ ತೆಗೆದು ಹೊಲಿಯಬೇಕಾಯಿತು. ನಾನು ಹೇಳಿದ ಆ ಪುಟ್ಟ ದೂರದರ್ಶಕದ ನಾಭಿದೂರ 480 ಮಿಲಿಮೀಟರ್ ಇದ್ದು, ಸಾಮಾನ್ಯ ಡಿಎಸ್‌ಎಲ್‌ಆರ್ ಕ್ಯಾಮೆರಾದಷ್ಟು ಅಗಲದ ಸೆನ್ಸರ್ ಹಿಂದೆ ಕುಳಿತರೆ ಒಂದೇ ನೋಟಕ್ಕೆ ಸಿಗುವ ಆಕಾಶ 2.8 ಡಿಗ್ರಿ ಉದ್ದ, 1.9 ಡಿಗ್ರಿ ಅಗಲ. ಎರಡೂ ಗೆಲಾಕ್ಸಿಗಳು ಅದರಲ್ಲಿ ಆರಾಮವಾಗಿ ಕೂರುತ್ತವೆ. ಅವುಗಳ ಸಣ್ಣ ನೆರೆಯಾದ ಎನ್‌ಜಿಸಿ 3077ಕ್ಕೂ ಜಾಗ ಮಿಗುತ್ತದೆ.

ಒಟ್ಟಿಗೆ ಕಾಣುವುದರಲ್ಲೇನು ವಿಶೇಷ ಎಂದರೆ, ಇವುಗಳ ಕಥೆ ಇರುವುದೇ ಸಂಬಂಧದಲ್ಲಿ. ಆಕಾಶದಲ್ಲಿ ಅಕ್ಕಪಕ್ಕ ಕಾಣುವುದೆಲ್ಲ ನಿಜಕ್ಕೂ ಅಕ್ಕಪಕ್ಕ ಇರಬೇಕೆಂದಿಲ್ಲ. ಒಂದು ಹತ್ತಿರ, ಇನ್ನೊಂದು ಬಲು ದೂರ ಇದ್ದು ನಮ್ಮ ದೃಷ್ಟಿರೇಖೆಯಲ್ಲಿ ಮಾತ್ರ ಸೇರಿರಬಹುದು. ಈ ಜೋಡಿ ಹಾಗಲ್ಲ. 1994ರಲ್ಲಿ ಮಿನ್ ಯುನ್ ಮತ್ತು ಸಂಗಡಿಗರು ಅಮೆರಿಕದ ನ್ಯೂ ಮೆಕ್ಸಿಕೋದಲ್ಲಿರುವ ವಿಎಲ್‌ಎ ರೇಡಿಯೋ ದೂರದರ್ಶಕಗಳಿಂದ ಹೈಡ್ರೋಜನ್ ಅನಿಲ ಹೊಮ್ಮಿಸುವ 21 ಸೆಂಟಿಮೀಟರ್ ತರಂಗವನ್ನು ಹಿಡಿದು ಈ ಪ್ರದೇಶದ ನಕ್ಷೆ ಬರೆದರು. ಎಂ 81, ಎಂ 82 ಮತ್ತು ಎನ್‌ಜಿಸಿ 3077 ಮೂರನ್ನೂ ಬೆಸೆದ ಉದ್ದುದ್ದ ಅನಿಲದ ಎಳೆಗಳು ಅದರಲ್ಲಿ ಮೂಡಿದವು. ಕೋಟ್ಯಂತರ ವರ್ಷಗಳ ಹಿಂದೆ, ಬಹುಶಃ ಇಪ್ಪತ್ತು ಮೂವತ್ತು ಕೋಟಿ ವರ್ಷಗಳಷ್ಟು ಹಿಂದೆ, ಇವು ಒಂದನ್ನೊಂದು ಹತ್ತಿರದಿಂದ ಹಾದುಹೋಗಿವೆ. ಚಂದ್ರ ನಮ್ಮ ಕಡಲನ್ನು ಉಬ್ಬಿಸುವಂತೆಯೇ ಗುರುತ್ವ ಅಲ್ಲಿಯೂ ಕೆಲಸ ಮಾಡಿ ಅನಿಲವನ್ನು ಸೆಳೆದು ಚೆಲ್ಲಿದೆ. ಆ ಅನಿಲದ ಸೇತುವೆ ಅಂಗಳದ ಫೋಟೋದಲ್ಲಿ ಕಾಣುವುದಿಲ್ಲ, ಒಪ್ಪಬೇಕು. ಆದರೆ ಅದರ ಪರಿಣಾಮ ಕಾಣುತ್ತದೆ. ದೊಡ್ಡದಾದ ಎಂ 81 ಹೊನ್ನಿನ ಬಣ್ಣದ ನಡುಭಾಗದಿಂದ ನೀಲಿ ಸುರುಳಿ ತೋಳುಗಳನ್ನು ಅಚ್ಚುಕಟ್ಟಾಗಿ ಹರಡಿಕೊಂಡು ಶಾಂತವಾಗಿದೆ. ಚಿಕ್ಕದಾದ ಎಂ 82 ಮಾತ್ರ ನಡುವೆ ಕಪ್ಪು ದೂಳಿನ ಬಿರುಕುಗಳು ಬಿದ್ದು, ಹೊಟ್ಟೆಯಿಂದ ಮೇಲಕ್ಕೂ ಕೆಳಕ್ಕೂ ಕೆಂಪು ಎಳೆಗಳನ್ನು ಕಾರುತ್ತಿದೆ. ಒಂದೇ ಘಟನೆಯಿಂದ ಹೊರಬಂದ ಇಬ್ಬರ ಮುಖ ಇಷ್ಟು ಬೇರೆಯಾಗಿರುವುದನ್ನು ಒಂದೇ ಚೌಕಟ್ಟಿನಲ್ಲಿ ನೋಡಿದವರಿಗೆ "ಯಾಕೆ?" ಎಂಬ ಪ್ರಶ್ನೆ ತಾನಾಗಿ ಹುಟ್ಟುತ್ತದೆ. ತುಂಡು ತುಂಡಾಗಿ ನೋಡಿದಾಗ ಅದು ಹುಟ್ಟುವುದಿಲ್ಲ.

ಆ ಕೆಂಪು ಎಳೆಗಳ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. 1963ರಲ್ಲಿ ರೋಜರ್ ಲಿಂಡ್ಸ್ ಮತ್ತು ಆಲನ್ ಸ್ಯಾಂಡೇಜ್ ಹೈಡ್ರೋಜನ್ ಹೊಮ್ಮಿಸುವ 656 ನ್ಯಾನೋಮೀಟರಿನ ಕೆಂಪು ಬೆಳಕಿನಲ್ಲಿ ಎಂ 82ನ್ನು ಅಧ್ಯಯನ ಮಾಡಿ, ಅದರ ಕೇಂದ್ರದಲ್ಲಿ ಭಾರೀ ಸ್ಫೋಟವೊಂದು ಸಂಭವಿಸಿದೆ ಎಂದು ಬರೆದರು. ಅನಿಲ ಹೊರಕ್ಕೆ ನುಗ್ಗುತ್ತಿದೆ ಎಂಬುದು ಸರಿಯಾಗಿತ್ತು. ಒಂದೇ ಸ್ಫೋಟ ಎಂಬ ಊಹೆ ನಿಲ್ಲಲಿಲ್ಲ. ನಂತರ ತಿಳಿದದ್ದು ಇನ್ನೂ ಸ್ವಾರಸ್ಯದ್ದು. ನೆರೆಯ ಸೆಳೆತಕ್ಕೆ ಸಿಕ್ಕಿ ಎಂ 82ರ ಅನಿಲ ಅದರ ನಡುವಿಗೆ ಕುಸಿದು, ಅಲ್ಲಿ ಹೊಸ ನಕ್ಷತ್ರಗಳು ನಮ್ಮ ಆಕಾಶಗಂಗೆಗಿಂತ ಹಲವು ಪಟ್ಟು ವೇಗದಲ್ಲಿ ಹುಟ್ಟುತ್ತಿವೆ. ಅವುಗಳಲ್ಲಿ ದೈತ್ಯವಾದವು ಬೇಗ ಉರಿದು ಬೇಗ ಸಿಡಿಯುತ್ತವೆ. ಸಾವಿರಾರು ಸಿಡಿತಗಳ ಮತ್ತು ಎಳೆಯ ನಕ್ಷತ್ರಗಳ ಗಾಳಿಯ ಒತ್ತಡವೆಲ್ಲ ಸೇರಿ ಗೆಲಾಕ್ಸಿಯ ತಟ್ಟೆಯನ್ನು ಸೀಳಿಕೊಂಡು ಅನಿಲ ಸಾವಿರಾರು ಜ್ಯೋತಿರ್ವರ್ಷ ದೂರಕ್ಕೆ ಚಿಮ್ಮುತ್ತಿದೆ. ಲಿಂಡ್ಸ್ ಮತ್ತು ಸ್ಯಾಂಡೇಜ್ ದೊಡ್ಡ ವೀಕ್ಷಣಾಲಯದಲ್ಲಿ ಕುಳಿತು ಓದಿದ ಆ ಎಳೆಗಳನ್ನು ಇಂದು ಒಂದು ಹೈಡ್ರೋಜನ್ ಫಿಲ್ಟರ್ ತೊಡಿಸಿದ ಅಂಗಳದ ಕ್ಯಾಮೆರಾ ಸ್ಪಷ್ಟವಾಗಿ ಹಿಡಿಯುತ್ತದೆ.

ಹಿಡಿಯುವುದು ಹೇಗೆ? ನಮ್ಮ ಕಣ್ಣು ಬೆಳಕನ್ನು ಕೂಡಿಡುವುದಿಲ್ಲ. ಸೆಕೆಂಡಿನ ಒಂದು ಸಣ್ಣ ಭಾಗದಷ್ಟು ಹೊತ್ತು ಬಂದದ್ದನ್ನು ಮಿದುಳಿಗೆ ಒಪ್ಪಿಸಿ ಕೈತೊಳೆದುಕೊಳ್ಳುತ್ತದೆ. ಕ್ಯಾಮೆರಾದ ಸೆನ್ಸರ್ ಹನಿ ಹನಿಯಾಗಿ ಕೂಡಿಡುತ್ತದೆ. ಎಷ್ಟು ಸಣ್ಣ ಹನಿ ಎಂಬುದನ್ನು ಒಂದು ಅಂದಾಜು ಲೆಕ್ಕದಿಂದ ಹೇಳಬಹುದು. ಎಂ 81ರ ಹೊರತೋಳಿನ ಮಂದ ಭಾಗದಿಂದ 80 ಮಿಲಿಮೀಟರ್ ಮಸೂರದ ಮೂಲಕ ಸೆನ್ಸರಿನ ಒಂದು ಪಿಕ್ಸೆಲ್ ದಾಖಲಿಸುವುದು ನಿಮಿಷಕ್ಕೆ ಕೆಲವೇ ಕೆಲವು ಫೋಟಾನ್‌ಗಳನ್ನು. 1.2 ಕೋಟಿ ವರ್ಷ ಪಯಣಿಸಿ ಬಂದ ಬೆಳಕನ್ನು ಬೆರಳಲ್ಲಿ ಎಣಿಸಬಹುದಾದಷ್ಟು. ಅವು ಬರುವುದೂ ಕ್ರಮವಾಗಿ ಅಲ್ಲ; ಒಂದು ನಿಮಿಷ ಎರಡು, ಮುಂದಿನ ನಿಮಿಷ ಆರು. ಹಾಗಾಗಿ ಒಂದೇ ಫ್ರೇಮಿನಲ್ಲಿ ತೋಳು ಯಾವುದು, ಈ ಏರುಪೇರಿನ ಗದ್ದಲ ಯಾವುದು ಎಂದು ಹೇಳಲಾಗದು. ಒಂದೊಂದು ನಿಮಿಷದ ನೂರಾರು ಫ್ರೇಮುಗಳನ್ನು ತೆಗೆದು, ಪ್ರತಿಯೊಂದರಲ್ಲೂ ನಕ್ಷತ್ರಗಳನ್ನು ಕರಾರುವಾಕ್ಕಾಗಿ ಒಂದರ ಮೇಲೊಂದು ಹೊಂದಿಸಿ ಪೇರಿಸಿದಾಗ ನಿಜವಾದ ಬೆಳಕು ಫ್ರೇಮುಗಳ ಸಂಖ್ಯೆಯಷ್ಟೇ ಪಟ್ಟು ಬೆಳೆಯುತ್ತದೆ, ಗದ್ದಲ ಬೆಳೆಯುವುದು ಆ ಸಂಖ್ಯೆಯ ವರ್ಗಮೂಲದಷ್ಟು ಮಾತ್ರ. ನೂರು ಫ್ರೇಮು ಪೇರಿಸಿದರೆ ಚಿತ್ರ ಹತ್ತು ಪಟ್ಟು ನಿಚ್ಚಳ. ಹವ್ಯಾಸಿಗಳು ಸ್ಟ್ಯಾಕಿಂಗ್ ಎನ್ನುವುದು ಇದಕ್ಕೆ. ಇದರ ಜತೆಗೆ ಮುಚ್ಚಳ ಹಾಕಿ ತೆಗೆದ ಡಾರ್ಕ್ ಫ್ರೇಮುಗಳಿಂದ ಸೆನ್ಸರಿನ ಸ್ವಂತ ಬಿಸಿಯ ಗುರುತುಗಳನ್ನೂ, ಸಮನಾದ ಬೆಳಕಿನಲ್ಲಿ ತೆಗೆದ ಫ್ಲಾಟ್ ಫ್ರೇಮುಗಳಿಂದ ಮಸೂರದ ಅಂಚಿನ ಮಬ್ಬು ಮತ್ತು ದೂಳಿನ ಕಲೆಗಳನ್ನೂ ಕಳೆಯುತ್ತಾರೆ. ವೃತ್ತಿಪರ ವೀಕ್ಷಣಾಲಯಗಳಲ್ಲೂ ಇದೇ ಕ್ರಮ. ಆದ್ದರಿಂದ ಅಂಗಳದ ಫೋಟೋವನ್ನು ಫೋಟೋ ಅನ್ನುವುದಕ್ಕಿಂತ ಅಳತೆ ಅನ್ನುವುದು ಹೆಚ್ಚು ಸರಿ.

ಕರ್ನಾಟಕದಿಂದ ಈ ಅಳತೆ ತುಸು ಕಷ್ಟದ್ದು. ಈ ಜೋಡಿ ಆಕಾಶದ ಉತ್ತರ ಧ್ರುವಕ್ಕೆ ಹತ್ತಿರ ಇರುವುದರಿಂದ ಬೆಂಗಳೂರಿನಲ್ಲಿ ಎಷ್ಟೇ ಏರಿದರೂ ದಿಗಂತದಿಂದ 34 ಡಿಗ್ರಿ ಎತ್ತರ ದಾಟುವುದು ಅಷ್ಟಕ್ಕಷ್ಟೇ. ಬೀದರಿನಲ್ಲಿ 39 ಡಿಗ್ರಿ. ಅಷ್ಟು ಓರೆಯಾಗಿ ಬರುವ ಬೆಳಕು ನೆತ್ತಿಯ ಮೇಲಿನ ನಕ್ಷತ್ರದ ಬೆಳಕಿಗಿಂತ ಸುಮಾರು 1.8 ಪಟ್ಟು ಗಾಳಿಯನ್ನು ಹಾದು ಬರಬೇಕು. ಪೀಠವನ್ನು ಸರಿಹೊಂದಿಸಲು ಬೇಕಾದ ಧ್ರುವ ನಕ್ಷತ್ರವೋ ಬೆಂಗಳೂರಿಗೆ ಕೇವಲ 13 ಡಿಗ್ರಿ ಎತ್ತರದಲ್ಲಿ, ಎದುರು ಮನೆಯ ನೀರಿನ ಟ್ಯಾಂಕಿನ ಹಿಂದೆಯೋ ತೆಂಗಿನ ಗರಿಯ ಮರೆಯಲ್ಲೋ ಅಡಗಿರುತ್ತದೆ. ಇನ್ನೊಂದೆಡೆ ಲಾಭವೂ ಇದೆ. ಧ್ರುವದ ಬಳಿಯ ವಸ್ತುಗಳು ನಿಧಾನವಾಗಿ ಸುತ್ತುತ್ತವೆ. ಇವು ಬೆಂಗಳೂರಿನಲ್ಲೂ ಒಂದೇ ರಾತ್ರಿ ಸುಮಾರು ಏಳು ಗಂಟೆ ಕಾಲ 25 ಡಿಗ್ರಿಗಿಂತ ಮೇಲೆಯೇ ಇರುತ್ತವೆ. ಫೆಬ್ರುವರಿ ನಡುವಿನಲ್ಲಿ ನಡುರಾತ್ರಿಯ ಹೊತ್ತಿಗೆ, ಮಾರ್ಚ್ ಕೊನೆಯಲ್ಲಿ ರಾತ್ರಿ ಒಂಬತ್ತೂವರೆಯ ಆಸುಪಾಸಿಗೆ ಅವು ಅತಿ ಎತ್ತರ ಮುಟ್ಟುತ್ತವೆ. ನಮ್ಮಲ್ಲಿ ಆಕಾಶ ತಿಳಿಯಾಗಿರುವ ತಿಂಗಳುಗಳೂ ಅವೇ.

ನಗರದ ಬೆಳಕಿನದು ಇದಕ್ಕಿಂತ ದೊಡ್ಡ ತಕರಾರು. ಬೆಂಗಳೂರಿನಂಥ ಊರಿನ ನಡುವಿನಿಂದ ಇದೆಲ್ಲ ಆಗುವ ಮಾತೇ ಎಂದು ಕೇಳುವವರ ಪ್ರಶ್ನೆಯಲ್ಲಿ ಹುರುಳಿದೆ. ದೊಡ್ಡ ನಗರದ ನಡುವಿನ ಆಕಾಶ ಒಳ್ಳೆಯ ಹಳ್ಳಿಗಾಡಿನ ಆಕಾಶಕ್ಕಿಂತ ಇಪ್ಪತ್ತೈದು ಪಟ್ಟಿನಷ್ಟು ಬೆಳಗುತ್ತಿರುತ್ತದೆ. ಗೆಲಾಕ್ಸಿಯ ತೋಳಿನಿಂದ ನಿಮಿಷಕ್ಕೆ ಬೆರಳೆಣಿಕೆಯ ಫೋಟಾನ್ ಬರುವಲ್ಲಿ ಬೀದಿದೀಪಗಳ ಹೊಳಪು ಅದೇ ಪಿಕ್ಸೆಲ್ಲಿಗೆ ನೂರಾರು ಸುರಿಯುತ್ತದೆ. ಆ ಹೊಳಪನ್ನು ಲೆಕ್ಕದಿಂದ ಕಳೆಯಬಹುದು, ಅದು ತಂದ ಗದ್ದಲವನ್ನು ಕಳೆಯಲಾಗದು. ಹಳ್ಳಿಯಲ್ಲಿ ಒಂದು ಗಂಟೆಯಲ್ಲಿ ಸಿಗುವ ಚಿತ್ರಕ್ಕೆ ನಗರದಲ್ಲಿ ಇಪ್ಪತ್ತೈದು ಗಂಟೆ ಬೇಕು, ಲೆಕ್ಕ ಅಷ್ಟು ನೇರ. ಎಂ 82ರ ಕೆಂಪು ಎಳೆಗಳಿಗೆ ಮಾತ್ರ ವಿನಾಯಿತಿ ಉಂಟು. ಹೈಡ್ರೋಜನ್ ಫಿಲ್ಟರ್ ಬೀದಿದೀಪದ ಬಹುಪಾಲು ಬೆಳಕನ್ನು ತಡೆದು ಅದೊಂದೇ ಬಣ್ಣವನ್ನು ಒಳಬಿಡುತ್ತದೆ. ಉಳಿದದ್ದಕ್ಕೆ ತಾಳ್ಮೆಯೇ ಬೇಕು. ಆದರೆ ಇಪ್ಪತ್ತೈದು ಗಂಟೆಯನ್ನು ಒಂದೇ ರಾತ್ರಿ ಕೂಡಿಸಬೇಕೆಂದಿಲ್ಲ, ಎಂಟು ಹತ್ತು ರಾತ್ರಿಗಳಿಗೆ ಹಂಚಬಹುದು. ಹಾಗೆ ಹಂಚಿದಾಗ ಫೋಟೋಗೆ ಒಂದರ ಬದಲು ಎಂಟು ಹತ್ತು ತಾರೀಕುಗಳು ಸೇರುತ್ತವೆ. ಈ ಮಾತಿಗೆ ಮತ್ತೆ ಬರುತ್ತೇನೆ.

ಬಣ್ಣಗಳೆಲ್ಲ ಸುಳ್ಳು, ಕಂಪ್ಯೂಟರಿನಲ್ಲಿ ಬಳಿದದ್ದು ಎಂಬ ಆಕ್ಷೇಪವೂ ಆಗಾಗ ಕೇಳುತ್ತದೆ. ದೂರದರ್ಶಕಕ್ಕೆ ಕಣ್ಣಿಟ್ಟರೆ ಈ ಜೋಡಿ ಬೂದು ಮಬ್ಬಾಗಿಯೇ ಕಾಣುತ್ತದೆ, ನಿಜ. ಆ ಬೂದು ನಮ್ಮ ಕಣ್ಣಿನ ಗುಣ. ಮಂದ ಬೆಳಕಿನಲ್ಲಿ ಕಣ್ಣಿನ ಬಣ್ಣ ಗುರುತಿಸುವ ಕೋಶಗಳು ಕೆಲಸ ಮಾಡುವುದಿಲ್ಲ. ನಸುಕಿನಲ್ಲಿ ದಾಸವಾಳವೂ ಕಪ್ಪಗೇ ಕಾಣುತ್ತದೆ, ಹಾಗೆಂದು ಅದು ಕೆಂಪಲ್ಲ ಎನ್ನಲಾಗುವುದಿಲ್ಲ. ಎಂ 81ರ ನಡುವಿನ ಹೊನ್ನಿನ ಬಣ್ಣ ವಯಸ್ಸಾದ, ತಣ್ಣಗಿನ ನಕ್ಷತ್ರಗಳದ್ದು. ತೋಳುಗಳ ನೀಲಿ ಎಳೆಯ, ಬಿಸಿ ನಕ್ಷತ್ರಗಳದ್ದು. ಕೆಂಪು, ಹಸಿರು, ನೀಲಿ ಫಿಲ್ಟರುಗಳಲ್ಲಿ ಎಷ್ಟೆಷ್ಟು ಬೆಳಕು ಬಂತು ಎಂಬ ಎಣಿಕೆಯೇ ಅದನ್ನು ಹೇಳುತ್ತದೆ. ತೆಗೆದವರು ಆ ಬಣ್ಣಗಳನ್ನು ಗಾಢ ಮಾಡುತ್ತಾರೆ, ಮಂದ ಭಾಗವನ್ನು ಎತ್ತಿ ತೋರಿಸುತ್ತಾರೆ. ನಕಾಶೆಯಲ್ಲಿ ಬೆಟ್ಟದ ಎತ್ತರವನ್ನು ಕಂದು ಬಣ್ಣದಿಂದ ತೋರಿಸಿದಂತೆ ಇದು. ಏನು ಮಾಡಿದ್ದೇವೆ ಎಂದು ಹೇಳಿಕೊಂಡರೆ ಅದರಲ್ಲಿ ಮೋಸವಿಲ್ಲ.

ನಾನು ಗಂಭೀರವಾಗಿ ತೆಗೆದುಕೊಳ್ಳುವ ಆಕ್ಷೇಪ ಬೇರೆಯದು: ಪ್ರಾಮಾಣಿಕ ಫೋಟೋ ಕೂಡ ದಾರಿತಪ್ಪಿಸಬಲ್ಲದು. ಇದಕ್ಕೆ ಉದಾಹರಣೆ ಇದೇ ಚೌಕಟ್ಟಿನೊಳಗಿದೆ. 1965ರಲ್ಲಿ ಹಾಲ್ಟನ್ ಆರ್ಪ್ ಎಂಬ ಹೆಸರಾಂತ ಖಗೋಳಜ್ಞ ಎಂ 81ರ ಪಕ್ಕದಲ್ಲಿ ಬಳೆಯ ತುಂಡಿನಂಥ ಒಂದು ಮಂದ ಕಮಾನನ್ನು ಗುರುತಿಸಿದ. ಗೆಲಾಕ್ಸಿಗಳ ಜಗ್ಗಾಟದಿಂದ ಕಿತ್ತುಬಂದ ದ್ರವ್ಯ ಅದಾಗಿರಬೇಕು ಎಂದು ದಶಕಗಳ ಕಾಲ ಚರ್ಚೆಯಾಯಿತು. 2010ರ ಸುಮಾರಿಗೆ ಬಂದ ಅಧ್ಯಯನಗಳು ಆ ಹೊಳಪಿನ ಬಹುಪಾಲು ನಮ್ಮದೇ ಆಕಾಶಗಂಗೆಯ ದೂಳಿನಿಂದ ಬರುವುದೆಂದು ತೋರಿಸಿದವು. ಈ ದಿಕ್ಕಿನಲ್ಲಿ ನಮ್ಮ ಗೆಲಾಕ್ಸಿಯ ತಟ್ಟೆಯಾಚೆ ತೆಳುವಾದ ದೂಳಿನ ಮೋಡಗಳು ಹರಡಿವೆ. ಅವನ್ನು ಬೆಳಗುವುದು ಹತ್ತಿರದ ಒಂದು ನಕ್ಷತ್ರವಲ್ಲ, ಇಡೀ ಆಕಾಶಗಂಗೆಯ ಒಟ್ಟು ಬೆಳಕು. ಒಳ್ಳೆಯ ಕತ್ತಲಲ್ಲಿ ಬಹಳ ಗಂಟೆ ಕೂಡಿಸಿದ ಅಂಗಳದ ಫೋಟೋಗಳಲ್ಲಿ ಈ ಜೋಡಿಯ ಸುತ್ತ ಹೊಗೆಯಂತೆ ಕಾಣುವುದು ಅದೇ. ಫೋಟೋಗೆ ಆಳ ಗೊತ್ತಿಲ್ಲ. ನಮ್ಮ ಮನೆ ಬಾಗಿಲ ದೂಳನ್ನೂ ಕೋಟಿ ಜ್ಯೋತಿರ್ವರ್ಷ ಆಚೆಯ ತೋಳನ್ನೂ ಅದು ಒಂದೇ ಹಾಳೆಯ ಮೇಲೆ ಇಡುತ್ತದೆ. ಬೇರ್ಪಡಿಸಲು ರೋಹಿತ ಬೇಕು, ಅತಿಗೆಂಪಿನ ನಕ್ಷೆ ಬೇಕು, ರೇಡಿಯೋ ಬೇಕು. ದೂರವನ್ನು ನಿಖರವಾಗಿ ಅಳೆಯಲಂತೂ ಹಬಲ್ ಬೇಕಾಯಿತು. ಎಂ 81ರಲ್ಲಿ ಸೆಫೀಡ್ ಎಂಬ ಮಿಡಿಯುವ ನಕ್ಷತ್ರಗಳನ್ನು ಹುಡುಕಿ ವೆಂಡಿ ಫ್ರೀಡ್‌ಮನ್ ಅವರ ತಂಡ 1994ರಲ್ಲಿ ದೂರವನ್ನು ಪ್ರಕಟಿಸಿದ್ದು ಅದರಿಂದಲೇ. ಇಷ್ಟೆಲ್ಲ ಒಪ್ಪಿದ ಮೇಲೂ ನನ್ನ ವಾದ ಬಿದ್ದುಹೋಗುವುದಿಲ್ಲ. ಫೋಟೋ ಸಾಕ್ಷಿ ಹೇಳುತ್ತದೆ, ತೀರ್ಪು ಕೊಡುವುದು ಅದರ ಕೆಲಸವಲ್ಲ. ಆರ್ಪ್‌ನ ಫೋಟೋ ಫಲಕದಲ್ಲಿ ಕಮಾನು ಇದ್ದದ್ದು ನಿಜವೇ. ಬದಲಾದದ್ದು ಅದರ ಅರ್ಥ.

ಸಾಕ್ಷಿ ಎಂದೊಡನೆ ಈಚಿನ ಒಂದು ಅಪಾಯವನ್ನು ಹೇಳದಿರಲಾಗದು. ಮಸುಕಾದ ಚಿತ್ರವನ್ನು ಒಂದು ಗುಂಡಿ ಒತ್ತಿದರೆ ಹರಿತ ಮಾಡಿಕೊಡುವ ಕೃತಕ ಬುದ್ಧಿಮತ್ತೆಯ ತಂತ್ರಾಂಶಗಳು ಬಂದಿವೆ. ಬೇರೆ ಸಾವಿರಾರು ಚಿತ್ರಗಳಿಂದ ಕಲಿತದ್ದರ ಆಧಾರದ ಮೇಲೆ, ಇಲ್ಲಿ ಹೀಗಿರಬಹುದು ಎಂದು ಅವು ಅಂದಾಜು ಮಾಡುತ್ತವೆ. ಅಂದಾಜು ಬಹಳ ಸಲ ಸರಿಯಾಗಿಯೇ ಇರುತ್ತದೆ. ಆದರೂ ಅದು ಆ ರಾತ್ರಿ ಆ ಮಸೂರದ ಮೂಲಕ ಬಂದ ಬೆಳಕಲ್ಲ. ಮೊದಲೇ ಗೊತ್ತಿದ್ದದ್ದನ್ನು ಚಂದವಾಗಿ ಮರಳಿ ಕೊಡುವ ಈ ಉಪಕರಣ, ಯಾರಿಗೂ ಗೊತ್ತಿಲ್ಲದ ಒಂದು ಹೊಸ ಚುಕ್ಕೆಯನ್ನು ಗದ್ದಲವೆಂದು ತಿಳಿದು ಅಳಿಸಿಹಾಕಲೂಬಹುದು. ಅದನ್ನು ಬಳಸಬೇಡಿ ಎಂದು ನಾನು ಹೇಳುವುದಿಲ್ಲ. ಆದರೆ ಬಳಸುವ ಮುಂಚಿನ ಪ್ರತಿ ಉಳಿದಿರಲೇಬೇಕು.

ಹೊಸ ಚುಕ್ಕೆ ಎಂಬುದು ಬರಿಯ ಕಲ್ಪನೆಯಲ್ಲ. 1993ರ ಮಾರ್ಚ್ 28ರಂದು ಸ್ಪೇನಿನ ಹವ್ಯಾಸಿ ಫ್ರಾನ್ಸಿಸ್ಕೋ ಗಾರ್ಸಿಯಾ ಡಿಯಾಸ್ ಎಂ 81ರಲ್ಲಿ ಹಿಂದೆ ಇರದಿದ್ದ ನಕ್ಷತ್ರವೊಂದನ್ನು ಕಂಡರು. ಅದು ಎಸ್‌ಎನ್ 1993ಜೆ ಎಂಬ ಸೂಪರ್‌ನೋವಾ, ದೈತ್ಯ ನಕ್ಷತ್ರವೊಂದರ ಸಾವು. ಸುದ್ದಿ ಹಬ್ಬಿದ ಕೂಡಲೇ ಖಗೋಳಜ್ಞರು ಮಾಡಿದ ಕೆಲಸಗಳಲ್ಲೊಂದು, ಸಿಡಿಯುವ ಮುಂಚೆ ಎಂ 81ನ್ನು ತೆಗೆದಿದ್ದ ಹಳೆಯ ಚಿತ್ರಗಳನ್ನು ಹುಡುಕಿದ್ದು. ಅದೇ ಜಾಗದಲ್ಲಿ, ಸಿಡಿಯಲಿದ್ದ ಆ ನಕ್ಷತ್ರ ಅವುಗಳಲ್ಲಿ ಸಿಕ್ಕಿತು. ಆ ಚಿತ್ರಗಳನ್ನು ತೆಗೆದವರಿಗೆ ತಾವು ಏನನ್ನು ಕಾಪಿಡುತ್ತಿದ್ದೇವೆಂದು ಗೊತ್ತಿರಲು ಸಾಧ್ಯವೇ ಇರಲಿಲ್ಲ. ಇಪ್ಪತ್ತೊಂದು ವರ್ಷದ ಬಳಿಕ ಸರದಿ ಎಂ 82ರದ್ದು. 2014ರ ಜನವರಿ 21ರ ಸಂಜೆ ಲಂಡನ್ನಿನ ಮಿಲ್ ಹಿಲ್‌ನಲ್ಲಿರುವ ವಿಶ್ವವಿದ್ಯಾಲಯದ ವೀಕ್ಷಣಾಲಯದಲ್ಲಿ ಸ್ಟೀವ್ ಫಾಸಿ ಪದವಿ ವಿದ್ಯಾರ್ಥಿಗಳಿಗೆ 35 ಸೆಂಟಿಮೀಟರಿನ ದೂರದರ್ಶಕ ಬಳಸುವುದನ್ನು ಕಲಿಸುತ್ತಿದ್ದರು. ಮೋಡ ಕವಿಯುತ್ತಿದ್ದರಿಂದ ಇನ್ನೂ ತೆರೆದಿದ್ದ ಆಕಾಶದಲ್ಲಿ ಸುಲಭವಾಗಿ ಸಿಗುವ ಎಂ 82ನ್ನು ಆರಿಸಿದರು. ಪರದೆಯ ಮೇಲೆ, ಅವರ ನೆನಪಿನ ಎಂ 82ರಲ್ಲಿ ಇಲ್ಲದ ಒಂದು ನಕ್ಷತ್ರ ಇತ್ತು. ಕ್ಯಾಮೆರಾದ ದೋಷವಲ್ಲ ಎಂದು ಖಚಿತಪಡಿಸಿಕೊಳ್ಳಲು ಇನ್ನೊಂದು ದೂರದರ್ಶಕದಿಂದಲೂ ತರಾತುರಿಯಲ್ಲಿ ಚಿತ್ರ ತೆಗೆದರು. ಅದು ಎಸ್‌ಎನ್ 2014ಜೆ. ಬಿಳಿ ಕುಬ್ಜ ನಕ್ಷತ್ರ ಸಿಡಿಯುವ ಈ ಬಗೆಯ ಸೂಪರ್‌ನೋವಾ ನಮಗೆ ಇಷ್ಟು ಹತ್ತಿರದಲ್ಲಿ ಹಲವು ದಶಕಗಳಿಂದ ಸಂಭವಿಸಿರಲಿಲ್ಲ. ವಿಶ್ವದ ದೂರಗಳನ್ನು ಅಳೆಯಲು ಖಗೋಳಜ್ಞರು ಬಳಸುವ ಅಳತೆಗೋಲು ಇದೇ ಬಗೆ. ಅದರಿಂದ ಹೊಮ್ಮಿದ, ವಿಕಿರಣಶೀಲ ಕೋಬಾಲ್ಟ್‌ನ ಗಾಮಾ ಕಿರಣಗಳನ್ನು ಯುರೋಪಿನ ಇಂಟಿಗ್ರಲ್ ಉಪಗ್ರಹ ಹಿಡಿಯಿತು. ಇಂಥ ಸೂಪರ್‌ನೋವಾದಿಂದ ಅವು ಹಿಂದೆಂದೂ ದಕ್ಕಿರಲಿಲ್ಲ. ಲಡಾಖಿನ ಹಾನ್ಲೆಯಲ್ಲಿರುವ ಹಿಮಾಲಯನ್ ಚಂದ್ರ ದೂರದರ್ಶಕವೂ ಇದನ್ನು ಬೆನ್ನಟ್ಟಿತು. ಭಾರತೀಯ ಖಭೌತ ಸಂಸ್ಥೆಯ ಆ ದೂರದರ್ಶಕವನ್ನು ನಡೆಸುವುದು ಬೆಂಗಳೂರಿನ ಪಕ್ಕದ ಹೊಸಕೋಟೆಯಲ್ಲಿ ಕುಳಿತು.

ಇಲ್ಲಿ ಮುಖ್ಯವಾದ ಸಂಗತಿ ಮುಂದಿದೆ. ಫಾಸಿ ನೋಡುವ ಹೊತ್ತಿಗೆ ಆ ನಕ್ಷತ್ರ ಸಿಡಿದು ಸುಮಾರು ಒಂದು ವಾರವೇ ಆಗಿತ್ತು. ಆ ವಾರದಲ್ಲಿ ಎಂ 82ನ್ನು ತೆಗೆದವರು ಇದ್ದರು, ಅವರ ಚಿತ್ರಗಳಲ್ಲಿ ಆ ಚುಕ್ಕೆಯೂ ಇತ್ತು, ಯಾರೂ ಗಮನಿಸಿರಲಿಲ್ಲ. ಆಮೇಲೆ ಅವನ್ನು ಹೊರತೆಗೆದರು. ಅಮೆರಿಕದ ಲಿಕ್ ವೀಕ್ಷಣಾಲಯದ ಸ್ವಯಂಚಾಲಿತ ದೂರದರ್ಶಕದ ಚಿತ್ರಗಳ ಜತೆಗೆ ಜಪಾನಿನ ಹವ್ಯಾಸಿ ಕೋಯಿಚಿ ಇತಗಾಕಿಯವರ ಚಿತ್ರಗಳನ್ನೂ ಸೇರಿಸಿ, ಸಿಡಿತ ಜನವರಿ 14ರಂದು ಆರಂಭವಾಯಿತೆಂದು ಗಂಟೆಗಳ ನಿಖರತೆಯಲ್ಲಿ ಲೆಕ್ಕ ಹಾಕಲಾಯಿತು. ಮೊದಲ ದಿನಗಳಲ್ಲಿ ಬೆಳಕು ಏರುವ ರೀತಿಯೇ ಏನು ಸಿಡಿಯಿತು, ಹೇಗೆ ಸಿಡಿಯಿತು ಎಂಬುದರ ಸುಳಿವು. ಆ ದಿನಗಳು ಒಮ್ಮೆ ಕಳೆದರೆ ಯಾವ ಹಬಲ್ಲೂ ಹಿಂದಕ್ಕೆ ಹೋಗಿ ತೆಗೆಯಲಾರದು. ಹಬಲ್‌ನ ಸ್ಪಷ್ಟತೆಯನ್ನು ಅಂಗಳದ ದೂರದರ್ಶಕ ಎಂದಿಗೂ ಮುಟ್ಟುವುದಿಲ್ಲ. ಆದರೆ ಜನವರಿ 15ರ ರಾತ್ರಿಯ ಎಂ 82ಕ್ಕೆ ಬದಲಿ ಇಲ್ಲ. ಅದು ಯಾರ ಬಳಿ ಇತ್ತೋ ಅವರ ಬಳಿ ಮಾತ್ರ ಇತ್ತು.

ಈಗ ಇಡೀ ಆಕಾಶವನ್ನು ಯಂತ್ರಗಳೇ ಕಾಯುತ್ತಿವೆಯಲ್ಲ ಎಂದು ಕೇಳಬಹುದು. ಕ್ಯಾಲಿಫೋರ್ನಿಯಾದ ಪಾಲೋಮಾರ್ ಬೆಟ್ಟದ ಕ್ಯಾಮೆರಾ ಉತ್ತರದ ಆಕಾಶವನ್ನು ಕೆಲವೇ ರಾತ್ರಿಗಳಿಗೊಮ್ಮೆ ಸುತ್ತುಹಾಕುತ್ತದೆ. ಚಿಲಿಯಲ್ಲಿ ಸಿದ್ಧವಾದ ವೆರಾ ರೂಬಿನ್ ವೀಕ್ಷಣಾಲಯ ಅದಕ್ಕಿಂತ ಎಷ್ಟೋ ಆಳಕ್ಕೆ ನೋಡಬಲ್ಲದು. ಆದರೆ ರೂಬಿನ್ ಇರುವುದು ಭೂಮಧ್ಯರೇಖೆಯಿಂದ 30 ಡಿಗ್ರಿ ದಕ್ಷಿಣಕ್ಕೆ. ಆಕಾಶದಲ್ಲಿ ಉತ್ತರಕ್ಕೆ 60 ಡಿಗ್ರಿ ದಾಟಿದ್ದು ಯಾವುದೂ ಅಲ್ಲಿ ಮೂಡುವುದೇ ಇಲ್ಲ, ನಮ್ಮ ಜೋಡಿ ಇರುವುದು 69 ಡಿಗ್ರಿಯಲ್ಲಿ. ಪಾಲೋಮಾರಿಗೆ ಕಾಣುತ್ತದೆ, ಅಲ್ಲಿ ಕತ್ತಲಿದ್ದಾಗ, ಮೋಡವಿಲ್ಲದಾಗ. ಅಲ್ಲಿ ಹಗಲಾಗಿರುವಾಗ ನಮ್ಮಲ್ಲಿ ಇರುಳು. ಭೂಮಿ ಉರುಟಾಗಿರುವವರೆಗೂ, ಅದು ತಿರುಗುತ್ತಿರುವವರೆಗೂ ಬೇರೆ ಬೇರೆ ರೇಖಾಂಶಗಳಲ್ಲಿ ಕಾಯುವ ಕಣ್ಣುಗಳು ಬೇಕೇ ಬೇಕು. ಕರ್ನಾಟಕದ ಅಂಗಳಕ್ಕೂ ಅದರಲ್ಲಿ ಪಾಲಿದೆ.

ಆದ್ದರಿಂದ ಈ ಜೋಡಿಯನ್ನು ತೆಗೆಯುವ, ತೆಗೆಯಬೇಕೆಂದಿರುವ ಎಲ್ಲರಲ್ಲೂ ಒಂದು ಕೋರಿಕೆ. ಪೇರಿಸಿ, ಬಣ್ಣ ತಿದ್ದಿ, ಚಂದ ಮಾಡಿದ ಮೇಲೆ ಡಿಸ್ಕಿನಲ್ಲಿ ಜಾಗ ಸಾಲದೆಂದು ಮೂಲ ಫ್ರೇಮುಗಳನ್ನು ಅಳಿಸಬೇಡಿ. ಎಲ್ಲವನ್ನೂ ಇಡಲಾಗದಿದ್ದರೆ ಪ್ರತಿ ರಾತ್ರಿಯದ್ದೊಂದು ತಿದ್ದದ ಪೇರಿಕೆಯನ್ನಾದರೂ ಉಳಿಸಿ. ಕ್ಯಾಮೆರಾದ ಗಡಿಯಾರ ಸರಿಯಿದೆಯೇ ಎಂದು ಶುರುವಿಗೆ ಮುನ್ನ ನೋಡಿ. ಊರು, ತಾರೀಕು, ಗಂಟೆ, ನಿಮಿಷ, ಬಳಸಿದ ಫಿಲ್ಟರ್ ಇಷ್ಟನ್ನು ಕಡತದ ಹೆಸರಲ್ಲೇ ಬರೆಯಿರಿ. ಹಿಂದಿನ ವಾರದ ಚಿತ್ರದ ಪಕ್ಕದಲ್ಲಿ ಈ ವಾರದ್ದನ್ನು ಇಟ್ಟು ಎರಡು ನಿಮಿಷ ಹೋಲಿಸಿ ನೋಡಿ. 2014ರ ಜನವರಿಯ ಆ ವಾರದಲ್ಲಿ ಬಿಟ್ಟುಹೋದದ್ದು ಅಷ್ಟೇ ಕೆಲಸ.